ಪಾರಿತೋಷಕವೂ ಚಿರಕೀರ್ತಿಯೂ

ಲೋಕಪ್ರಿಯವಾದ ಚಲಚ್ಚಿತ್ರಮಾಲೆಯೊಂದು ಅಮೆರಿಕದ ಅಕಾಡೆಮಿಯ ಆಸ್ಕರ್ ಪಾರಿತೋಷಕವನ್ನು ಪಡೆಯದಿದ್ದರೆ ಅದರ ಕೀರ್ತಿಯು ನಿಲ್ಲದೆಂದು ಕೆಲವರು ವಾದಿಸುವರು. ಈ ವಾದವು ನಮಗೆ ಸಮ್ಮತವಲ್ಲ.

'ಹ್ಯಾರಿ ಪಾಟರ್' ಮಾಲೆಯನ್ನೇ ನೋಡಿರಿ. 2001ರಿಂದ 2011ರವರೆಗೆ ಎಂಟು ಚಿತ್ರಗಳು ಹೊರಬಂದವು. ಆಸ್ಕರಿಗೆ 12 ನಾಮನಿರ್ದೇಶನಗಳಾದುವು. ಲಭಿಸಿದುದು ಒಂದೂ ಇಲ್ಲ. ಎಂಟಕ್ಕೂ ರಂಗಸಜ್ಜನ್ನು ಕಲ್ಪಿಸಿದ ಸ್ಟೂಅರ್ಟ್ ಕ್ರೇಗರು 1983ರಲ್ಲಿ 'ಗಾಂಧಿ' ಚಿತ್ರಕ್ಕಾಗಿ ಇದೇ ಪಾರಿತೋಷಕವನ್ನು ಪಡೆದವರಲ್ಲೊಬ್ಬರು. ಪಾಟರ್ ಮಾಲೆಗಾಗಿ ನಾಲ್ಕು ಸಲ ಹೆಸರು ಸೂಚಿತವಾಗಿಯೂ ಬರಿಗೈಯಲ್ಲಿ ಮರಳಿದರು. ಅವರ ಕೈಚಳಕವು ಕುಂದಿತೆ? ಅವರು ರಚಿಸಿದ ಭೋಜನಶಾಲೆಯನ್ನು ಕಾಣಲು 2012ರಿಂದ ಲಂಡನ್ನಿನ ಬಳಿಯ ಲೀವ್ಸ್‌ಡನ್ ಸ್ಟುಡಿಯೋಕ್ಕೆ ಜನರು ಹಣ ತೆತ್ತು ಹೋಗುತ್ತಲಿದ್ದಾರೆ!

"'ಲಾರ್ಡ್ ಆಫ್ ದಿ ರಿಂಗ್ಸ್' ಮಾಲೆಯ ಮೂರನೆಯ ಚಿತ್ರವು 2004ರಲ್ಲಿ 11 ಆಸ್ಕರುಗಳನ್ನು ಗೆದ್ದಿತಲ್ಲ?" ಎಂದು ಪ್ರತಿವಾದಿಗಳು ಕೇಳಬಹುದು. ಅಹುದು, ಯೋಗ್ಯವಾಗಿಯೇ ಗೆದ್ದಿತು. ಆದರೆ ಮೊದಲೆರಡಕ್ಕೆ ಶ್ರೇಷ್ಠಚಿತ್ರವೆಂಬ ಬಿರುದು ದೊರೆಯಲಿಲ್ಲ. ಆದಕಾರಣ ಅವನ್ನು ಬಿಟ್ಟು ಮೂರನೆಯದನ್ನು ಮಾತ್ರ ನೋಡುವರುಂಟೆ?

ಹಾಗೆಂದು ಟಿಕೇಟಿನ ಆದಾಯವೇ ಯೋಗ್ಯತೆಯ ಅಳತೆಯೆಂದು ನಾವು ಹೇಳುವವರಲ್ಲ. ಮೊದಲ ವಾರದ ನೂಕುನುಗ್ಗಲು ಬರಿಯ ಕುತೂಹಲದ ಲಕ್ಷಣ. ಪಾರಿತೋಷಕವು ಆಯಾ ವರ್ಷದ ಮತದಾರರ ಅಭಿಪ್ರಾಯ. ಬಾಲ್ಯದಲ್ಲಿ ಕಂಡುದನ್ನು ತಾಯ್ತಂದೆಗಳು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮತ್ತೆ ನೋಡಿದಾಗಲೇ ಕೃತಿಗೆ ಆಯುಸ್ಸು. ಆ ತೀರ್ಪಿನ ಅಧಿಕಾರವು ಮನೆಮನೆಗೆ ಸೇರಿದುದು. ವಾಚಕರು ಅದನ್ನು ಯಾವ ಅಕಾಡೆಮಿಗೂ ಒಪ್ಪಿಸದಿರಲಿ.