ಅಣ್ಣನ ಪರವಾಗಿ ಮಾತನಾಡುವವರಾರು?

"ಮನೆಯವರಿಗಿಂತ ಹಿತೈಷಿಗಳು ಬೇರೆ ಯಾರಿದ್ದಾರು?" ಎಂದು ಕೇಳುವವರು ನಮ್ಮಲ್ಲಿ ಬಹಳ. ನಾನೂ ಕೇಳುತ್ತಿದ್ದವನೇ. ನಾಲ್ಕು ವರ್ಷದ ಹಿಂದೆ, ಮನಸ್ಸಿನ ಸ್ವಾಸ್ಥ್ಯ ಕೆಟ್ಟಿದ್ದ ನನ್ನ ಅಣ್ಣನನ್ನು ಆಸ್ಪತ್ರೆಗೆ ಸೇರಿಸುವ ಅರ್ಜಿಗೆ ರುಜು ಹಾಕಿದ ದಿನದಿಂದ ಕೇಳುವುದನ್ನು ಬಿಟ್ಟಿದ್ದೇನೆ. ಅಣ್ಣ ಪಕ್ಕದ ಬೆಂಚಿನ ಮೇಲೆಯೇ ಕುಳಿತಿದ್ದ. ವೈದ್ಯರು ನನ್ನನ್ನು ಕೇಳಿದರು, ನಾನು ಹೇಳಿದೆ, ಗುಮಾಸ್ತರು ಬರೆದುಕೊಂಡರು. ಅವನು ಆಡಿದ್ದು ಒಂದೇ ಮಾತು: "ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲೋ." ಅದೇ ತಿಂಗಳು ನಮ್ಮ ತಂದೆಯವರ ಮನೆಯ ವಿಭಾಗಪತ್ರ ನೋಂದಣಿಯಾಗಬೇಕಿತ್ತು. ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಆದರೆ ಆಣೆಯಿಡು ಎಂದು ಅಂದು ಯಾರೂ ನನ್ನನ್ನು ಕೇಳಲಿಲ್ಲ.

ಕಾನೂನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು, ಹಳೆಯದಕ್ಕಿಂತ ಎಷ್ಟೋ ಮಾನವೀಯವಾದುದು. ತನಗೆ ಬೇಕಾದವರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳುವ ಹಕ್ಕನ್ನು ಅದು ರೋಗಿಗೆ ಕೊಟ್ಟಿದೆ. ಬಿಳಿಯ ಹಾಳೆಯ ಮೇಲೆ ಬರೆದು ರುಜುವನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಸಾಕು. ಆದರೆ ಹಾಗೆ ಬರೆದಿಟ್ಟವರು ನಮ್ಮಲ್ಲೆಷ್ಟು ಮಂದಿ? ಬರೆಯದಿದ್ದರೆ ಆ ಸ್ಥಾನಕ್ಕೆ ಬಂಧುವೇ ಬರುತ್ತಾನೆ. ಇನ್ನು 89ನೆಯ ಕಲಮಿನಂತೆ ರೋಗಿಯನ್ನು ಅವನ ಒಪ್ಪಿಗೆಯಿಲ್ಲದೆ ಮೂವತ್ತು ದಿನದವರೆಗೆ ಸೇರಿಸಿಕೊಳ್ಳಲು ಅರ್ಜಿ ಹಾಕಬೇಕಾದವನೂ ಈ ಪ್ರತಿನಿಧಿಯೇ! ಒಳಗೆ ಕಳುಹಿಸುವವನೂ ಅವನೇ, ಒಳಗಿರುವವನ ಪರವಾಗಿ ಹೊರಗೆ ಮಾತನಾಡಬೇಕಾದವನೂ ಅವನೇ. ಫಿರ್ಯಾದಿಯನ್ನೇ ಪ್ರತಿವಾದಿಯ ವಕೀಲನನ್ನಾಗಿ ಮಾಡುವ ನ್ಯಾಯಾಲಯವನ್ನು ಯಾರಾದರೂ ಕಂಡಿದ್ದೀರಾ?

ಬಂಧುವಾಗಲಿ ಆರೈಕೆ ಮಾಡುವವರಾಗಲಿ ಇಲ್ಲದವನ ಪಾಡೇನು? ತಕ್ಕವರಾರೂ ಸಿಗದಿದ್ದರೆ ಮಂಡಳಿಯು ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು, ಇಲ್ಲವೆ ಅವರು ಸೂಚಿಸಿದವರನ್ನು ನೇಮಿಸಬೇಕಂತೆ. ನಿರ್ದೇಶಕರು ದೊಡ್ಡವರು, ಅವರ ಮೇಜಿನ ಮೇಲೆ ಕಡತಗಳೂ ದೊಡ್ಡವು. ಹಾಸಿಗೆಯ ಪಕ್ಕದಲ್ಲಿ ಕುಳಿತು "ನಿನಗೇನು ಬೇಕಪ್ಪ?" ಎಂದು ಕೇಳಲು ಅವರಿಗೆ ಪುರಸೊತ್ತೆಲ್ಲಿ?

ಇದಕ್ಕೆ ಬೇರೆ ದಾರಿ ಹುಡುಕಿದವರಿದ್ದಾರೆ. ಇಂಗ್ಲೆಂಡಿನಲ್ಲಿ 2005ರ ಮನಸ್ಸಾಮರ್ಥ್ಯ ಕಾಯಿದೆಯ ಪ್ರಕಾರ, ತಾನೇ ತೀರ್ಮಾನಿಸಲಾರದ, ಆಪ್ತರೂ ಇಲ್ಲದ ವ್ಯಕ್ತಿಗೆ ದೊಡ್ಡ ಚಿಕಿತ್ಸೆ ಮಾಡುವಾಗ, ಅಥವಾ ಅವನನ್ನು ದೀರ್ಘಕಾಲ ಬೇರೆಡೆ ಇರಿಸುವಾಗ, ಒಬ್ಬ ಸ್ವತಂತ್ರ ಪರವಾದಿಯನ್ನು ಕರೆಯಬೇಕು. 2007ರಿಂದ ಇದು ನಡೆದುಬಂದಿದೆ. ಪರವಾದಿ ತೀರ್ಪು ಕೊಡುವವನಲ್ಲ. ಆ ವ್ಯಕ್ತಿಯೊಡನೆ ಏಕಾಂತದಲ್ಲಿ ಮಾತನಾಡುತ್ತಾನೆ, ಕಾಗದಪತ್ರ ನೋಡುತ್ತಾನೆ, ವರದಿ ಬರೆಯುತ್ತಾನೆ. ತೀರ್ಮಾನ ಮಾಡುವವರು ಅದನ್ನು ಗಣನೆಗೆ ತೆಗೆದುಕೊಳ್ಳಲೇಬೇಕು.

ಹಾಗೆಂದು ಅದನ್ನು ಕಣ್ಣುಮುಚ್ಚಿ ನಕಲು ಮಾಡಬೇಕಾಗಿಲ್ಲ. ಅಲ್ಲಿ ಪರವಾದಿಗಳ ಸೇವೆಯನ್ನು ಗೊತ್ತುಮಾಡಿ ಹಣ ಕೊಡುವುದು ಸ್ಥಳೀಯ ಪುರಸಭೆ; ಎಷ್ಟೋ ವೇಳೆ ಆ ವೃದ್ಧನನ್ನು ಆರೈಕೆಯ ಮನೆಗೆ ಸೇರಿಸಹೊರಟಿರುವುದೂ ಅದೇ ಪುರಸಭೆ. ಉಪ್ಪಿನ ಋಣ ಎಂಬುದು ಇಂಗ್ಲೆಂಡಿನಲ್ಲೂ ಇರಬಹುದಲ್ಲವೆ? ಅಲ್ಲದೆ ಮನೆಯವರಿರುವವನಿಗೆ ಹೆಚ್ಚಾಗಿ ಆ ಸೇವೆ ದೊರೆಯದು. ನನ್ನಂಥ ತಮ್ಮಂದಿರಿರುವವರಿಗೇ ಅದು ಹೆಚ್ಚು ಬೇಕು ಎಂಬುದು ನನ್ನ ವಾದ.

ನಮ್ಮಲ್ಲಿ ಇದನ್ನು ಆಸ್ಪತ್ರೆಯ ಕೈಗೂ ಆರೋಗ್ಯ ಇಲಾಖೆಯ ಕೈಗೂ ಕೊಡಕೂಡದು. 1987ರ ಕಾನೂನು ಸೇವೆಗಳ ಕಾಯಿದೆಯಿಂದ ಹುಟ್ಟಿದ ಪ್ರಾಧಿಕಾರಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಅಂಗವಿಕಲರಿಗೆ ಉಚಿತ ನೆರವು ಕೊಡುವುದು ಈಗಲೂ ಅವುಗಳ ಕರ್ತವ್ಯ. ಅವೇ ಜನರನ್ನು ಆರಿಸಲಿ, ಅವೇ ಸಂಬಳ ಕೊಡಲಿ. ವಕೀಲರೇ ಆಗಬೇಕಿಲ್ಲ, ತಾಳ್ಮೆಯುಳ್ಳ ನಿವೃತ್ತ ದಾದಿಯಾದರೂ ಆದೀತು. ಆದರೆ ದಮ್ಮಯ್ಯ, ಕಡಿಮೆ ದರದ ಟೆಂಡರಿಗೆ ಇದನ್ನು ಹಾಕಬೇಡಿ! ಎಷ್ಟು ಕಡತ ಮುಗಿಸಿದರೆಂದು ಲೆಕ್ಕ ಹಾಕಿದರೆ, ಮಾತು ತಡವರಿಸುವ ಮನುಷ್ಯನ ಬಳಿ ಎರಡನೆಯ ಸಲ ಯಾರು ಹೋಗುತ್ತಾರೆ? ಹಣವೆಲ್ಲಿಂದ ಎನ್ನುವವರು, ಬೇಡದ ಕಡೆ ಬಿದ್ದಿರುವವರ ಊಟದ ಖರ್ಚನ್ನೂ ಒಮ್ಮೆ ಕೂಡಿಸಿ ನೋಡಲಿ.

ಅಣ್ಣ ಈಗ ಮನೆಯಲ್ಲಿದ್ದಾನೆ, ಚೆನ್ನಾಗಿದ್ದಾನೆ. ಹೋದ ತಿಂಗಳು ಒಂದು ಬಿಳಿಯ ಹಾಳೆ ಕೊಟ್ಟು, "ಮುಂದೆ ಬೇಕಾದೀತು, ನಿನ್ನ ಪ್ರತಿನಿಧಿ ಯಾರೆಂದು ಬರೆದಿಡು" ಎಂದೆ. ಬಹಳ ಹೊತ್ತು ಯೋಚಿಸಿ ಬರೆದ. ನನ್ನ ಹೆಸರಲ್ಲ, ಎದುರು ಮನೆಯ ಮೇಷ್ಟರದು.