ಮೂರು ದಿನ, ಒಂಬತ್ತು ದೇವರು, ಸೀಟಿನ ಮೇಲೆ ನಿದ್ದೆ: ಇಂಥ ಟೂರ್ ಸಾಕು

ಹಿಂಗಾರಿ ಬಿತ್ತನೆ ಮುಗಿಯಿತು ಅಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ಪಟ್ಟಿ ಓಡಾಡುತ್ತದೆ. ವಾಟ್ಸಾಪ್ ಗುಂಪಿಗೂ ಬರುತ್ತದೆ, ಚಹಾದಂಗಡಿ ಗೋಡೆಗೂ ಅಂಟುತ್ತದೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಬರುವಾಗ ಶಿರಸಿ ಮಾರಿಕಾಂಬೆ. ಮೂರು ದಿನ, ತಲೆಗೆ ಇಷ್ಟು ದುಡ್ಡು. ಕ್ರೂಸರ್ ತುಂಬಿದರೆ ಹೊರಟಿತು.

ಇದಕ್ಕೆ ಪ್ರವಾಸ ಅನ್ನುತ್ತಾರೆ. ನಾನು ಇದಕ್ಕೆ ಲಗೇಜು ಸಾಗಣೆ ಅನ್ನುತ್ತೇನೆ. ಒಂದೇ ವ್ಯತ್ಯಾಸ, ಲಗೇಜಿಗೆ ವಾಂತಿ ಬರುವುದಿಲ್ಲ.

ಆ ಗಾಡಿಯೊಳಗೆ ಏನು ನಡೆಯುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಘಟ್ಟ ಇಳಿಯುವಾಗ ಮಕ್ಕಳ ಕೈಗೆ ಪ್ಲಾಸ್ಟಿಕ್ ಚೀಲ. ಒಂದು ಗುಡಿಯ ಪಾಳಿಯಲ್ಲಿ ಎರಡು ತಾಸು ಹೋದರೆ ಮುಂದಿನ ಗುಡಿ ಬಾಗಿಲು ಹಾಕಿರುತ್ತದೆ, ಆಗ ಹೊರಗಿನಿಂದಲೇ ಕೈ ಮುಗಿದು ಮೊಬೈಲಿನಲ್ಲಿ ಒಂದು ಫೋಟೋ. ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಯಾಕೆಂದರೆ ಗಾಡಿ ಎಲ್ಲಿ ನಿಲ್ಲುತ್ತದೋ, ಅಲ್ಲಿ ಶೌಚಾಲಯ ಇರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮೂರು ದಿನ ಹೀಗೆ ನೀರು ಬಿಟ್ಟು ಬಂದವರು ಮನೆಗೆ ಬಂದು ಉರಿಮೂತ್ರ ಅಂತ ಮಲಗುತ್ತಾರೆ. ಆ ಖರ್ಚು ಟೂರ್ ಲೆಕ್ಕಕ್ಕೆ ಸೇರುವುದಿಲ್ಲ.

ಡ್ರೈವರ್ ವಿಷಯ ಇನ್ನೂ ಕೆಟ್ಟದ್ದು. ಹಗಲು ನಾವು ದರ್ಶನಕ್ಕೆ ನಿಂತಾಗ ಅವನು ಪಾರ್ಕಿಂಗ್ ಹುಡುಕುತ್ತಾನೆ, ರಾತ್ರಿ ನಾವು ತೂಕಡಿಸುವಾಗ ಅವನು ಗಾಡಿ ಓಡಿಸುತ್ತಾನೆ. ನಸುಕಿನ ನಾಲ್ಕು ಗಂಟೆಗೆ ಅವನ ಕಣ್ಣು ಎಷ್ಟು ತೆರೆದಿರುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಲಾಡ್ಜಿನ ಬಾಡಿಗೆ ಉಳಿಯಲಿ ಅಂತ ರಾತ್ರಿ ಪ್ರಯಾಣ ಇಡುತ್ತೇವೆ. ಉಳಿಸಿದ್ದು ಒಂದು ರೂಮಿನ ಬಾಡಿಗೆ, ಪಣಕ್ಕಿಟ್ಟಿದ್ದು ಇಡೀ ಗಾಡಿಯ ಜನರನ್ನು.

"ಮತ್ತೇನ್ ಮಾಡೂದು, ನಮಗ ಸಿಗೂದ ಎರಡ್ ದಿನ. ಎಮ್ಮಿ ಹಾಲ್ ಹಿಂಡಾವ್ರು ಯಾರು?" ಅನ್ನುತ್ತಾರೆ. ಸರಿಯಾದ ಮಾತು. ಒಕ್ಕಲುತನದವರಿಗೆ ವಾರಗಟ್ಟಲೆ ರಜೆ ಇಲ್ಲ, ದನಕರು ಇದ್ದವರು ಎರಡು ರಾತ್ರಿಗಿಂತ ಹೆಚ್ಚು ಹೊರಗಿರಲಾರರು. ಆದರೆ ನನ್ನ ವಾದ ಶುರುವಾಗುವುದೇ ಇಲ್ಲಿಂದ. ಸಿಗುವುದು ಎರಡೇ ರಾತ್ರಿ ಆದರೆ ಅದನ್ನು ಒಂಬತ್ತು ಊರಿಗೆ ಹಂಚಿ ಪುಡಿ ಮಾಡುವುದು ಯಾಕೆ? ಒಂದು ಊರು ಹಿಡಿಯಿರಿ. ಅಲ್ಲಿ ರೂಮು ಮಾಡಿ ಬ್ಯಾಗು ಇಳಿಸಿ. ಹಗಲು ಸುತ್ತಮುತ್ತ ಹೋಗಿ, ರಾತ್ರಿ ಅದೇ ಹಾಸಿಗೆಗೆ ಬನ್ನಿ.

ಯಾವ ಊರು? ನಾನು ಬಾದಾಮಿಯ ಪರ ವಾದ ಮಾಡುತ್ತೇನೆ.

ಉಳಿಯುವ ಊರಿಗೆ ಎರಡು ಗುಣ ಇರಬೇಕು. ಅದರ ಬೆಳಗು ಮತ್ತು ಸಂಜೆ ನೋಡುವ ಹಾಗಿರಬೇಕು, ಮತ್ತು ಅಲ್ಲಿಂದ ನಾಲ್ಕು ದಿಕ್ಕಿಗೆ ಕೆಂಪು ಬಸ್ಸು ಹೋಗಬೇಕು. ಬಾಗಲಕೋಟೆಯಲ್ಲಿ ಉಳಿದರೆ ಎರಡನೆಯದು ಸಿಗುತ್ತದೆ, ಮೊದಲನೆಯದು ಸಿಗುವುದಿಲ್ಲ. ಬಾದಾಮಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ರೂಮು ಹಿಡಿದರೆ ಗುಹೆಗಳಿಗೂ ಅಗಸ್ತ್ಯ ತೀರ್ಥದ ಕೆರೆಗೂ ನಡೆದೇ ಹೋಗಬಹುದು. ಸಂಜೆ ಬಿಸಿಲು ಇಳಿದಾಗ ಕೆರೆಯ ಆಚೆ ತುದಿಯ ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಕೂತರೆ ಸುತ್ತಲಿನ ಕಲ್ಲುಗುಡ್ಡ ಕೆಂಪಗೆ ಹೊಳೆಯುವುದು ಕಾಣುತ್ತದೆ. ಟೂರ್ ಗಾಡಿಯವರಿಗೆ ಇದು ಕಾಣುವುದಿಲ್ಲ. ಆ ಹೊತ್ತಿಗೆ ಅವರು ಹಾರ್ನ್ ಹೊಡೆದು ಜನರನ್ನು ಕರೆಯುತ್ತಿರುತ್ತಾರೆ.

ಅದೇ ಕೆರೆಯ ಕಡೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 1300 ವರ್ಷ ಹಳೆಯದು. ಅದರಲ್ಲಿ ಕನ್ನಡ ತ್ರಿಪದಿ ಇದೆ. ನಮ್ಮ ಅಜ್ಜಿಯಂದಿರು ಬೀಸುವಾಗ ಹಾಡುತ್ತಿದ್ದ ಅದೇ ಮೂರು ಸಾಲಿನ ಪದ. ಶಾಲೆ ಕಲಿಯದ ಅವ್ವನಿಗೆ ಇಷ್ಟು ಹೇಳಿ ತೋರಿಸಿ, ಆಮೇಲೆ ಇದು ಪಟ್ಟಣದವರು ನೋಡುವ ಜಾಗವೋ ನಮ್ಮದೋ ಅಂತ ಅವಳನ್ನೇ ಕೇಳಿ.

ಮಾರನೆಯ ದಿನ ಬೆಳಿಗ್ಗೆ ಮೊದಲು ದೂರದ ಊರಿಗೆ ಹೋಗಬೇಕು. ಐಹೊಳೆ ಸುಮಾರು 35 ಕಿಲೋಮೀಟರ್. ಅಲ್ಲಿ ಮೇಗುತಿ ಗುಡ್ಡ ಹತ್ತಿದರೆ 634ರ ರವಿಕೀರ್ತಿಯ ಶಾಸನ ಇದೆ, ಇಮ್ಮಡಿ ಪುಲಿಕೇಶಿಯ ಕಥೆ ಕಲ್ಲಿನಲ್ಲಿ ಇದೆ. ವಾಪಸು ಬರುವ ದಾರಿಯಲ್ಲೇ ಪಟ್ಟದಕಲ್ಲು, ಬಾದಾಮಿಯಿಂದ ಸುಮಾರು 22 ಕಿಲೋಮೀಟರ್, ಮಲಪ್ರಭೆಯ ದಂಡೆ. 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು. ಅಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಗುಡಿ ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅಲ್ಲಿಯೇ ಕೆತ್ತಿದ್ದಾರೆ. ಇವತ್ತು ನಮ್ಮೂರಲ್ಲಿ ಸಮುದಾಯ ಭವನ ಕಟ್ಟಿದರೆ ಶಾಸಕರ ಹೆಸರು ಇರುತ್ತದೆ, ಗೌಂಡಿಯ ಹೆಸರು ಇರುತ್ತದೆಯೇ?

ಮೂರನೆಯ ದಿನದ ತಂಪು ಹೊತ್ತನ್ನು ಗುಹೆಗಳಿಗೆ ಇಡಿ. ಮೆಟ್ಟಿಲಿವೆ, ಮಂಗಗಳೂ ಇವೆ, ತಿಂಡಿ ಚೀಲ ರೂಮಿನಲ್ಲೇ ಬಿಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಅನ್ನುವುದನ್ನೂ ನೆನಪಿಡಿ. ಮಧ್ಯಾಹ್ನ ಐದು ಕಿಲೋಮೀಟರ್ ದೂರದ ಬನಶಂಕರಿ. ದೇವರಿಲ್ಲದ ಟೂರ್ ಏನು ಟೂರ್ ಅನ್ನುವವರಿಗೆ ಇದೇ ಉತ್ತರ: ಎಷ್ಟೋ ಮನೆಗಳ ಕುಲದೇವತೆ ಅವಳು. ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರು ತಂದು ಬಡಿಸುತ್ತಾರೆ. ಹೋಟೆಲ್ಲಿಗೆ ಹೋಗಿ ಪ್ಲೇಟು ಗೋಬಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ. ಹೊತ್ತಿದ್ದರೆ ಮಹಾಕೂಟಕ್ಕೆ ಹೋಗಿ ಹೊಂಡದಲ್ಲಿ ಮುಳುಗಿ ಬನ್ನಿ. ಜನವರಿಯಲ್ಲಿ ಬನದ ಹುಣ್ಣಿಮೆಯ ಜಾತ್ರೆ, ನಾಟಕ ಕಂಪನಿಗಳು ಬಂದಿರುತ್ತವೆ. ಅದು ಬೇರೆಯದೇ ಸುಖ, ಆದರೆ ಆಗ ರೂಮು ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಈಗ ದುಡ್ಡಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಅವ್ವ, ಹೆಂಡತಿ, ಮಗಳು, ಗಂಡ, ಮಗ ಇರುವ ಮನೆಯಲ್ಲಿ ಇಬ್ಬರಿಗೆ ಮಾತ್ರ ಟಿಕೆಟು. ಕ್ರೂಸರ್ ಮಾಡಿದರೆ? ತಲೆಗೆ ಇಷ್ಟು ಅನ್ನುವಾಗ ಅವ್ವನದೂ ಒಂದು ತಲೆ, ಮಗಳದೂ ಒಂದು ತಲೆ. ಸರಕಾರ ಕೊಟ್ಟ ಹಕ್ಕನ್ನು ಮನೆಯಲ್ಲೇ ಬಿಟ್ಟು ದುಡ್ಡು ಕೊಟ್ಟು ಕೂರುತ್ತೇವೆ. ಉಳಿದ ಆ ದುಡ್ಡನ್ನು ಎರಡು ರಾತ್ರಿಯ ಒಳ್ಳೆಯ ರೂಮಿಗೆ ಹಾಕಿ ಅನ್ನುವುದು ನನ್ನ ಲೆಕ್ಕ. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಟಿಕೆಟೂ ಇಲ್ಲ.

ಇದೇ ಕಾರಣಕ್ಕೆ ರೀಲ್ಸ್‌ನಲ್ಲಿ ಬರುವ ಊರ ಹೊರಗಿನ ರೆಸಾರ್ಟಿಗೂ ನಾನು ವಿರೋಧಿ. ಈಜುಕೊಳ ಇರುತ್ತದೆ, ಬಸ್ಸು ಇರುವುದಿಲ್ಲ. ಚಹಾ ಕುಡಿಯಲಿಕ್ಕೂ ಆಟೋ ಕರೆಯಬೇಕು. ರೂಮು ಹಿಡಿಯುವಾಗ ನಾಚಿಕೆ ಬಿಡಿ: ಮೊದಲು ಬಾತ್‌ರೂಮು ನೋಡಿ, ನಲ್ಲಿ ತಿರುಗಿಸಿ, ಬಾಡಿಗೆ 24 ತಾಸಿಗೋ ಮಧ್ಯಾಹ್ನ 12ರ ತನಕವೋ ಕೇಳಿ, ಆಮೇಲೆ ದುಡ್ಡು ಕೊಡಿ. ಪಂಚೆ ಉಟ್ಟವರನ್ನು ಕಂಡು ರೂಮಿಲ್ಲ ಅನ್ನುವ ಲಾಡ್ಜಿನವರೂ ಇದ್ದಾರೆ. ಅಂಥಲ್ಲಿ ವಾದ ಬೇಡ, ಪಕ್ಕದ ಲಾಡ್ಜಿಗೆ ನಡೆಯಿರಿ.

ಹರಕೆ ಇದ್ದರೆ? ಹರಕೆ ಹೊತ್ತ ದೇವರಿಗೇ ಹೋಗಿ, ಆದರೆ ಅಲ್ಲೇ ಉಳಿಯಿರಿ. ಧರ್ಮಸ್ಥಳದಲ್ಲಿ ವಸತಿಗೃಹಗಳಿವೆ, ಅನ್ನಪೂರ್ಣದಲ್ಲಿ ಊಟ ಇದೆ. ಒಂದು ಹಗಲು ಕುಕ್ಕೆಗೆ, ಇನ್ನೊಂದು ಹಗಲು ವೇಣೂರಿನ 1604ರ ಗೊಮ್ಮಟನ ಕಡೆಗೆ ಹೋಗಿ ಬರಬಹುದು. ಉಳಿದ ಏಳು ದೇವರು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ.

ಬಸ್ಸಿನ ದಾರಿಯಲ್ಲಿ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಂಡಿ ನೋವಿನ ಅಜ್ಜನಿಗೆ ಬಸ್ಸು ಬದಲಿಸುವುದು ಸುಲಭ ಅಲ್ಲ. ಅಂಥವರಿದ್ದರೆ ಐಹೊಳೆಯ ಒಂದು ದಿನಕ್ಕೆ ಮಾತ್ರ ಬಾದಾಮಿಯಲ್ಲೇ ಆಟೋ ಮಾತಾಡಿ, ಕಾಯುವ ಹೊತ್ತೂ ಸೇರಿ ಎಷ್ಟು ಅಂತ ಮೊದಲೇ ಕೇಳಿ. ರೈಲಿನಲ್ಲಿ ಬಂದವರಿಗೆ ಬಾದಾಮಿ ಸ್ಟೇಷನ್ನು ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆ ಇದೆ. ಐಹೊಳೆ ಕಡೆ ಬಸ್ಸು ಕಡಿಮೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಬೆಳಿಗ್ಗೆ ಇಳಿದ ಕೂಡಲೇ ಕಂಡಕ್ಟರನ್ನೇ ಕೇಳಿಕೊಳ್ಳಿ. ಇಂಥ ಊರುಗಳ ಬಸ್‌ಸ್ಟಾಪಿನಲ್ಲಿ ಕೊನೆಯ ಬಸ್ಸಿನ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿಕ್ಕೆ, ಹೆಣ್ಣುಮಕ್ಕಳಿಗೆ ನೀರಿರುವ ಒಂದು ಶೌಚಾಲಯ ತೆರೆದಿಡಲಿಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ. ಉತ್ಸವಕ್ಕೆ ಹಾಕುವ ಪೆಂಡಾಲಿನ ದುಡ್ಡಿನಲ್ಲೇ ಆಗುತ್ತದೆ. ಪ್ರವಾಸೋದ್ಯಮದವರು ನಮ್ಮನ್ನೂ ಪ್ರವಾಸಿಗರು ಅಂತ ಎಣಿಸಿದರೆ ಮಾತ್ರ.

ಎಮ್ಮೆಯ ಮಾತು ಉಳಿಯಿತು. ನಮ್ಮ ಓಣಿಯಲ್ಲಿ ಈ ಸಲ ಎರಡು ಮನೆಯವರು ಪಾಳಿ ಮಾಡಿಕೊಂಡಿದ್ದಾರೆ. ಒಬ್ಬರು ಹೋದಾಗ ಇನ್ನೊಬ್ಬರು ಹಿಂಡಿ ಡೇರಿಗೆ ಹಾಕುತ್ತಾರೆ, ಮುಂದಿನ ತಿಂಗಳು ಇವರದು. ಮೊದಲ ಮನೆಯವರು ಬುಧವಾರ ಹೊರಡುತ್ತಾರೆ, ಮೂರು ಹೆಂಗಸರು, ಇಬ್ಬರು ಗಂಡಸರು, ಎರಡು ಟಿಕೆಟು.