ಬಾಯಿಪಾಠ ಬೇರೆ, ಮಾತು ಬೇರೆ

ಕನ್ನಡದ ತರುಣರೇ, ನಿಮಗೊಂದು ನೇರ ಪ್ರಶ್ನೆ. ತೆರೆಯ ಮೇಲೆ ಒಬ್ಬ ರಾಜ ಎದ್ದು ನಿಂತು ಎರಡು ನಿಮಿಷ ಗ್ರಾಂಥಿಕ ಕನ್ನಡದಲ್ಲಿ ಮಾತಾಡಿದರೆ ನಿಮಗೇಕೆ ನಗು ಬರುತ್ತದೆ? 'ಅಯ್ಯೋ, ಡ್ರಾಮಾ ಡೈಲಾಗು ಕಣೋ' ಎಂದು ಪಕ್ಕದವನ ತೊಡೆ ತಟ್ಟುತ್ತೀರಲ್ಲ, ಯಾಕೆ?

ತಪ್ಪು ನಿಮ್ಮದೆಂದು ಹೇಳುತ್ತಿಲ್ಲ. ಆದರೆ ಅದು ಕನ್ನಡದ ತಪ್ಪೂ ಅಲ್ಲ. 'ಆ ಭಾಷೆ ಈಗ ಯಾರಿಗೂ ಅರ್ಥವಾಗಲ್ಲ ಸಾರ್' ಎಂದು ಗಾಂಧಿನಗರದ ಮಂದಿ ಕೈತೊಳೆದುಕೊಳ್ಳುತ್ತಾರೆ. ಸುಳ್ಳು! ಅದೇ ನೀವು ಟೀವಿಯಲ್ಲಿ 'ಬಬ್ರುವಾಹನ' (1977) ಬಂದರೆ ರಿಮೋಟ್ ಕೆಳಗಿಡುತ್ತೀರಿ. ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ಅಲ್ಲಿ ಯಾರೂ ನಗುವುದಿಲ್ಲ. 'ಭಕ್ತ ಪ್ರಹ್ಲಾದ'ದ (1983) ಹಿರಣ್ಯಕಶಿಪುವಿನ ಮುಂದೆಯೂ ನಗು ಬರುವುದಿಲ್ಲ, ಏಕೆಂದರೆ ಆ ಅಬ್ಬರದ ಒಳಗೆ ಮಗನನ್ನು ಕಳೆದುಕೊಳ್ಳುತ್ತಿರುವ ಒಬ್ಬ ತಂದೆ ಕಾಣುತ್ತಾನೆ. ಪದಗಳೆಲ್ಲ ಅರ್ಥವಾಗದಿದ್ದರೂ ಆ ಮನುಷ್ಯ ಅರ್ಥವಾಗುತ್ತಾನೆ.

ರಾಜ್‌ಕುಮಾರ್ ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯಿಂದ. ಆ ಕಾಲದ ಕಂಪನಿ ನಾಟಕದಲ್ಲಿ ಕೊನೆಯ ಬೆಂಚಿನವನಿಗೂ ಮಾತು ಮುಟ್ಟಬೇಕು, ಗಂಟಲೇ ಮೈಕು. ಕ್ಯಾಮೆರಾ ಹಾಗಲ್ಲ, ಅದು ಮೊಳ ದೂರದಲ್ಲಿ ಬಂದು ಕೂರುತ್ತದೆ. ರಂಗದ ಮೇಲೆ ಮಾತು ಎನಿಸಿದ್ದು ಅಲ್ಲಿ ಕೂಗಾಟವಾಗುತ್ತದೆ. ಕಂಪನಿಯಿಂದ ಬಂದ ಎಷ್ಟೋ ನಟರು ಇಲ್ಲೇ ಸೋತರು. ಅಣ್ಣಾವ್ರು ದನಿ ಇಳಿಸಿದರು, ಉಸಿರಿನ ಹಿಡಿತ ಬಿಡಲಿಲ್ಲ. ಉದ್ದ ಸಾಲನ್ನು ಎಲ್ಲಿ ಮುರಿಯಬೇಕು, ಮಹಾಪ್ರಾಣಕ್ಕೆ ಎಷ್ಟು ಒತ್ತು ಎಂಬುದು ಅವರಿಗೆ ನಾಲಿಗೆಯ ಮೇಲಿತ್ತು.

ಇದು ನಮ್ಮೊಬ್ಬರ ಕಷ್ಟವೇನಲ್ಲ. ಶೇಕ್ಸ್‌ಪಿಯರನನ್ನು ತಲೆ ಮೇಲೆ ಹೊತ್ತು ಮೆರೆಯುವ ಇಂಗ್ಲಿಷಿನವರಿಗೂ ಇದೇ ತಲೆನೋವು. 1948ರ 'ಹ್ಯಾಮ್ಲೆಟ್'ನಲ್ಲಿ ಲಾರೆನ್ಸ್ ಒಲಿವಿಯೆ ಆ ಪ್ರಸಿದ್ಧ ಸ್ವಗತದ ಒಂದಷ್ಟು ಭಾಗವನ್ನು ತುಟಿ ಬಿಚ್ಚದೆ, ಒಳದನಿಯಾಗಿ ಕೇಳಿಸಿದರು. 1996ರಲ್ಲಿ ಕೆನೆತ್ ಬ್ರಾನಾ ಅದನ್ನೇ ಕನ್ನಡಿಯ ಮುಂದೆ ನಿಂತು ಹೇಳಿದರು. ಒಬ್ಬನೇ ನಿಂತು ಮಾತಾಡುವವನನ್ನು ಕ್ಯಾಮೆರಾ ಸುಲಭವಾಗಿ ನಂಬುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ 'ಸಂಸ್ಕಾರ' (1970) ಇನ್ನೊಂದು ದಾರಿ ಹಿಡಿಯಿತು. ಅನಂತಮೂರ್ತಿಯವರ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರ ಒಳತೋಟಿ ಪುಟಗಟ್ಟಲೆ ಹರಿಯುತ್ತದೆ. ಅದನ್ನೆಲ್ಲ ಬಾಯಲ್ಲಿ ಹೇಳಿಸಿದ್ದರೆ ಹರಿಕಥೆಯಾಗುತ್ತಿತ್ತು. ಗಿರೀಶ ಕಾರ್ನಾಡರ ಮುಖವೇ ಆ ಕೆಲಸದ ಬಹುಪಾಲನ್ನು ಮಾಡಿತು. ಮಾತು ಕಡಿಮೆ ಮಾಡಿದ್ದು ಕನ್ನಡಕ್ಕೆ ಹೆದರಿ ಅಲ್ಲ, ಕನ್ನಡ ಗೊತ್ತಿದ್ದದ್ದರಿಂದ.

ಈಗಿನವರ ಸಂಗತಿ ಬೇರೆ. ನಾಯಕಿಗೆ ಕನ್ನಡ ಬರುವುದಿಲ್ಲ, ಸೆಟ್ಟಿನಲ್ಲಿ ಯಾರೋ ಹೇಳಿಕೊಟ್ಟ ಅಕ್ಷರಕ್ಕೆ ತುಟಿ ಆಡಿಸುತ್ತಾಳೆ. ಆಮೇಲೆ ಸ್ಟುಡಿಯೋದ ಕತ್ತಲಲ್ಲಿ ಇನ್ನೊಬ್ಬಳು ದನಿ ತುಂಬುತ್ತಾಳೆ. ಉಸಿರು ಒಬ್ಬರದು, ಮುಖ ಇನ್ನೊಬ್ಬರದು. 'ಊಟ ಆಯ್ತಾ' ಎಂಬಷ್ಟಕ್ಕೆ ಇದು ಹೇಗೋ ನಡೆದೀತು. ಎರಡು ನಿಮಿಷದ ಸ್ವಗತಕ್ಕೆ ನಡೆಯುತ್ತದೆಯೇ? ಹೆಣ್ಣುಮಕ್ಕಳನ್ನಷ್ಟೇ ದೂರಬೇಡಿ. ಕನ್ನಡವೇ ಮನೆಮಾತಾದ ಎಷ್ಟೋ ಹೀರೋಗಳ ಬಾಯಲ್ಲಿ 'ಳ'ಕಾರ ಸತ್ತು ಎಷ್ಟು ವರ್ಷವಾಯಿತೋ!

ಹಾಗಾದರೆ ಕಲಿಯುವುದೆಲ್ಲಿ? ಗೆಳೆಯರೇ, ತಾಳಮದ್ದಳೆ ನೋಡಿದ್ದೀರಾ? ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ, ವಾಲಿಯಾಗುತ್ತಾನೆ. ಕೈಯಲ್ಲಿ ಬರೆದ ಡೈಲಾಗಿಲ್ಲ. ಪದದ ಅರ್ಥವನ್ನು ಆ ಕ್ಷಣದಲ್ಲಿ ಯೋಚಿಸಿ, ಆ ಕ್ಷಣದಲ್ಲೇ ಆಡಬೇಕು. ಎದುರಿನವನು ಅಡ್ಡ ಪ್ರಶ್ನೆ ಎಸೆದರೆ ಅದಕ್ಕೂ ಪಾತ್ರದೊಳಗೇ ಇದ್ದು ಉತ್ತರ ಕೊಡಬೇಕು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬರೀ ಮಾತಿನಿಂದ ಜನರನ್ನು ರಾತ್ರಿಯಿಡೀ ಕೂರಿಸುತ್ತಿದ್ದರು. ಅದೂ ಗ್ರಾಂಥಿಕ ಕನ್ನಡವೇ ಸ್ವಾಮಿ! ಆದರೆ ಕೇಳುವವನಿಗೆ ಅದು ಬಾಯಿಪಾಠ ಅನ್ನಿಸುವುದಿಲ್ಲ. ಮಾತು ಆಗಷ್ಟೇ ಹುಟ್ಟುತ್ತಿರುತ್ತದೆ. ಕ್ಯಾಮೆರಾ ಕೇಳುವುದೂ ಇದನ್ನೇ, ಇದಕ್ಕಿಂತ ಹೆಚ್ಚಿಲ್ಲ.

ನಟನಾಗಬೇಕೆಂದು ಜಿಮ್ಮಿಗೆ ಸಾವಿರಾರು ರೂಪಾಯಿ ಸುರಿಯುವ ಹುಡುಗರೇ, ಮಳೆಗಾಲದಲ್ಲಿ ಬೆಂಗಳೂರಿನಲ್ಲೂ ತಾಳಮದ್ದಳೆ ನಡೆಯುತ್ತದೆ. ಒಂದು ಸಂಜೆ ಹೋಗಿ. ಹಿಂದೆಲ್ಲೋ ಫೋನು ಹಿಡಿದು ಕೂರಬೇಡಿ. ಮುಂದಿನ ಸಾಲಿನಲ್ಲಿ, ಕ್ಯಾಮೆರಾ ಇರುವಷ್ಟೇ ಹತ್ತಿರದಲ್ಲಿ ಕೂತು ಅವರ ಮುಖ ನೋಡಿ.